ಕ್ಯಾಂಪಿನಿಂದ ಖಾನಾಪುರಕ್ಕೆ: ಸೈಕಲ್ ನಕ್ಷೆಯ ಗೆರೆಗಳು ಹೇಳುವುದೇನು, ಹೇಳದಿರುವುದೇನು?

ಬೆಳಗಾವಿ: ಇಲ್ಲಿನ ಕ್ಯಾಂಪ್ ಪ್ರದೇಶದಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್ ದೂರ. ಬಸ್ಸಿನಲ್ಲಿ ಹೋಗುವವರಿಗೆ ನಕ್ಷೆಯನ್ನು ತೆರೆದು ನೋಡುವ ಪ್ರಮೇಯವೇ ಬಾರದು. ಸೈಕಲ್ ಸವಾರರ ಸ್ಥಿತಿ ಹಾಗಲ್ಲ. ಭಾನುವಾರ ಬೆಳಕು ಹರಿಯುವ ಮುನ್ನ ಮನೆ ಬಿಡುವ ಸವಾರ, ಹ್ಯಾಂಡಲ್‌ಗೆ ಸಿಕ್ಕಿಸಿದ ಮೊಬೈಲ್‌ನಲ್ಲಿ ನಕ್ಷೆ ತೆರೆದರೆ ಕಾಣುವುದು ಒಂದು ದಾರಿಯಲ್ಲ, ಹತ್ತಾರು ಗೆರೆಗಳು. ಕೆಲವು ದಪ್ಪ, ಕೆಲವು ತೆಳು. ಕೆಲವು ಅಖಂಡ, ಕೆಲವು ತುಂಡು ತುಂಡು. ಒಂದರ ಮೇಲೆ ಸಂಖ್ಯೆ, ಇನ್ನೊಂದರ ಮೇಲೆ ಇಂಗ್ಲಿಷಿನ ಎರಡಕ್ಷರ. ಎಲ್ಲವೂ ದಾರಿಗಳೇ. ಆದರೆ ಎಲ್ಲದರ ಮೇಲೂ ಸೈಕಲ್ ಓಡಿಸಬಹುದೇ, ಓಡಿಸಿದರೆ ಕ್ಷೇಮವೇ ಎಂಬ ಪ್ರಶ್ನೆಗಳಿಗೆ ಆ ಗೆರೆಗಳಲ್ಲಿ ಉತ್ತರವಿಲ್ಲ. ಉತ್ತರವಿದೆಯೆಂದು ನಂಬಿ ಹೊರಟವರು ಲಾರಿಗಳ ಭರಾಟೆಯ ನಡುವೆ ಸಿಲುಕುತ್ತಾರೆ, ಇಲ್ಲವೇ ಅರಣ್ಯ ಇಲಾಖೆಯ ತಪಾಸಣಾ ಠಾಣೆಯಲ್ಲಿ ನಿಲ್ಲುತ್ತಾರೆ, ಅದೂ ಅಲ್ಲವಾದರೆ ಸೇನೆಯ ಗೇಟಿನ ಮುಂದೆ.

ಇದನ್ನು ನಕ್ಷೆಯ ತಪ್ಪೆನ್ನುವುದು ಸುಲಭ. ವಾಸ್ತವವಾಗಿ ನಕ್ಷೆ ಸುಳ್ಳು ಹೇಳುತ್ತಿಲ್ಲ; ತನಗೆ ಯಾರೂ ತಿಳಿಸದ ಸಂಗತಿಯನ್ನು ಅದು ಹೇಳುತ್ತಿಲ್ಲ, ಅಷ್ಟೇ. ಸೈಕಲ್ ನಕ್ಷೆಗಳ ಚಿಹ್ನೆಗಳು ರೂಪುಗೊಂಡದ್ದು, ಸೈಕಲ್ ಮಾರ್ಗಗಳನ್ನು ಯಾವುದಾದರೊಂದು ಸಂಸ್ಥೆ ಅಧಿಕೃತವಾಗಿ ಗೊತ್ತುಪಡಿಸಿ, ಸಂಖ್ಯೆ ಕೊಟ್ಟು, ಫಲಕ ನೆಟ್ಟಿರುವ ದೇಶಗಳಲ್ಲಿ. ಆ ಚಿಹ್ನೆಗಳು ನಮ್ಮಲ್ಲಿಗೆ ಬಂದಿವೆ. ಅವುಗಳ ಹಿಂದಿನ ವ್ಯವಸ್ಥೆ ಬಂದಿಲ್ಲ.

ಅಲ್ಲಿನ ಸಂಖ್ಯೆ, ಇಲ್ಲಿನ ಸಂಖ್ಯೆ

ಬ್ರಿಟನ್ನಿನಲ್ಲಿ ಸಸ್ಟ್ರಾನ್ಸ್ ಎಂಬ ದತ್ತಿ ಸಂಸ್ಥೆ ಬೆಳೆಸಿದ ರಾಷ್ಟ್ರೀಯ ಸೈಕಲ್ ಜಾಲವಿದೆ. ಅಲ್ಲಿನ ನೀಲಿ ಫಲಕದ ಮೇಲೆ ಕೆಂಪು ಚೌಕದೊಳಗೆ ಸಂಖ್ಯೆಯಿದ್ದರೆ ಅದು ರಾಷ್ಟ್ರೀಯ ಸೈಕಲ್ ಮಾರ್ಗ. ಯುರೋಪಿನಾದ್ಯಂತ ಹಬ್ಬಿರುವ ಯೂರೋವೆಲೋ ಜಾಲದಲ್ಲಿ ಉತ್ತರ-ದಕ್ಷಿಣದ ಮಾರ್ಗಗಳಿಗೆ ಬೆಸ ಸಂಖ್ಯೆ, ಪೂರ್ವ-ಪಶ್ಚಿಮದ ಮಾರ್ಗಗಳಿಗೆ ಸಮ ಸಂಖ್ಯೆ. ಬೆಲ್ಜಿಯಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿನ ಲಿಂಬರ್ಗ್ ಪ್ರಾಂತದಲ್ಲಿ ಹ್ಯೂಗೋ ಬೊಲೆನ್ ಎಂಬ ಗಣಿ ಎಂಜಿನಿಯರ್ ದಾರಿಗಳಿಗಲ್ಲ, ದಾರಿಗಳು ಕೂಡುವ ಸ್ಥಳಗಳಿಗೆ ಸಂಖ್ಯೆ ಕೊಡುವ ಉಪಾಯ ಹೂಡಿದರು. 1995ರಲ್ಲಿ ಅದು ಜಾರಿಗೆ ಬಂತು. ಗಣಿಯ ಸುರಂಗಗಳ ಜಾಲದಲ್ಲಿ ದಾರಿ ತಪ್ಪದಂತೆ ಸಾಗುವ ಕ್ರಮವೇ ಅದಕ್ಕೆ ಪ್ರೇರಣೆ. ಸವಾರ ಚೀಟಿಯ ಮೇಲೆ ನಾಲ್ಕೈದು ಸಂಖ್ಯೆ ಬರೆದುಕೊಂಡು ಹೊರಟರೆ ಸಾಕು, ಪ್ರತಿ ಕೂಡುರಸ್ತೆಯಲ್ಲೂ ಮುಂದಿನ ಸಂಖ್ಯೆಯತ್ತ ಬಾಣದ ಗುರುತಿರುತ್ತದೆ. ನೆದರ್ಲೆಂಡ್ಸ್ ಸಹ ಈ ಪದ್ಧತಿಯನ್ನು ಅನುಸರಿಸಿತು.

ಈ ಜಾಲಗಳನ್ನು ಅಂತರ್ಜಾಲದ ನಕ್ಷೆಯಲ್ಲಿ ತೋರಿಸುವ ಕ್ರಮವೂ ಅಲ್ಲಿಯೇ ಹುಟ್ಟಿತು. 2004ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ, ಸ್ವಯಂಸೇವಕರೇ ತಿದ್ದಿ ಬೆಳೆಸುವ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯನ್ನು ಬಳಸಿ ಓಪನ್‌ಸೈಕಲ್‌ಮ್ಯಾಪ್ ಎಂಬ ನಕ್ಷೆ ರೂಪುಗೊಂಡಿತು. ಅದರಲ್ಲಿ ರಾಷ್ಟ್ರೀಯ ಸೈಕಲ್ ಮಾರ್ಗಕ್ಕೆ ಕೆಂಪು, ಪ್ರಾದೇಶಿಕ ಮಾರ್ಗಕ್ಕೆ ನೇರಳೆ, ಸ್ಥಳೀಯ ಮಾರ್ಗಕ್ಕೆ ನೀಲಿ. ಎನ್‌ಸಿಎನ್, ಆರ್‌ಸಿಎನ್, ಎಲ್‌ಸಿಎನ್ ಎಂಬ ಮೂರಕ್ಷರದ ಗುರುತುಗಳು ಈ ಮೂರು ದರ್ಜೆಗಳನ್ನೇ ಸೂಚಿಸುತ್ತವೆ. ಹಾಗಾಗಿ ಅಂತಹ ನಕ್ಷೆಯಲ್ಲಿ ಲಂಡನ್ ನೋಡಿದರೆ ಬಣ್ಣಬಣ್ಣದ ಜಾಲ ಕಾಣುತ್ತದೆ. ನಮ್ಮ ಊರುಗಳತ್ತ ಸರಿಸಿದರೆ ರಸ್ತೆಗಳು ಕಾಣುತ್ತವೆಯೇ ಹೊರತು ಆ ಬಣ್ಣಗಳು ಅಪರೂಪ. ಬಣ್ಣವಿಲ್ಲದಿರುವುದು ನಕ್ಷೆಯ ಕೊರತೆಯಲ್ಲ, ನೆಲದ ಮೇಲಿನ ವಾಸ್ತವ.

ಇಲ್ಲಿಯೇ ಹೊಸ ಸವಾರರು ಎಡವುವುದು. ನಕ್ಷೆಯ ಮೇಲೆ ಸಂಖ್ಯೆ ಕಂಡೊಡನೆ ಅದನ್ನು ಸೈಕಲ್ ಮಾರ್ಗದ ಸಂಖ್ಯೆಯೆಂದು ಓದುತ್ತಾರೆ. ಖಾನಾಪುರದತ್ತ ಸಾಗುವ ದಪ್ಪಗೆರೆಯ ಮೇಲಿರುವ 748 ಎಂಬುದು ರಾಷ್ಟ್ರೀಯ ಹೆದ್ದಾರಿಯ ಸಂಖ್ಯೆ. ಹಿರಿಯರ ಬಾಯಲ್ಲಿ ಇಂದಿಗೂ ಅದು ನಾಲ್ಕು-ಎ. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಮರುಸಂಖ್ಯೆ ಕೊಟ್ಟಾಗ ಬೆಳಗಾವಿಯನ್ನು ಹಾದುಹೋಗುವ ಹೆದ್ದಾರಿ 4 ಎಂಬುದು 48 ಆಯಿತು. ಅದರಿಂದ ಕವಲೊಡೆದು ಖಾನಾಪುರ, ಲೋಂಡಾ, ರಾಮನಗರ, ಅನಮೋಡಗಳ ಮೂಲಕ ಪಣಜಿಗೆ ಇಳಿಯುವ ರಸ್ತೆ 748 ಆಯಿತು. ಮೂರಂಕಿಯ ಸಂಖ್ಯೆಯ ಕೊನೆಯೆರಡು ಅಂಕಿಗಳು ಮೂಲ ಹೆದ್ದಾರಿಯನ್ನು ತಿಳಿಸಿದರೆ, ಮೊದಲನೆಯದು ಕವಲಿನ ಗುರುತು. ಅದಕ್ಕೂ ಕವಲಿದ್ದರೆ ಅಕ್ಷರ ಸೇರುತ್ತದೆ. ಜಾಂಬೋಟಿ, ಕಣಕುಂಬಿ, ಚೋರ್ಲಾ ಮೂಲಕ ಗೋವೆಗೆ ಹೋಗುವ ಮಾರ್ಗ 748-ಎಎ ಆಗಿರುವುದು ಹೀಗೆ. ಈ ಪದ್ಧತಿಯಲ್ಲಿ ಉತ್ತರ-ದಕ್ಷಿಣಕ್ಕೆ ಸಮ ಸಂಖ್ಯೆ, ಪೂರ್ವ-ಪಶ್ಚಿಮಕ್ಕೆ ಬೆಸ ಸಂಖ್ಯೆ; ಯೂರೋವೆಲೋಗೆ ತದ್ವಿರುದ್ಧ. ಹೊರದೇಶದ ನಕ್ಷೆಯಲ್ಲಿ ಪಳಗಿ ಬಂದವರು ಇಲ್ಲಿ ಗಲಿಬಿಲಿಗೊಂಡರೆ ಅಚ್ಚರಿಯಿಲ್ಲ.

ಸಂಖ್ಯೆ ಇಷ್ಟನ್ನು ಹೇಳುತ್ತದೆ. ಆ ರಸ್ತೆಯಲ್ಲಿ ಸೈಕಲ್‌ಗೆ ಎಡೆಯಿದೆಯೇ ಎಂಬುದನ್ನು ಹೇಳುವುದಿಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯೇ ಇದಕ್ಕೆ ಸಾಕ್ಷಿ. 275 ಎಂಬ ಸಂಖ್ಯೆ ಬದಲಾಗಲಿಲ್ಲ, ನಕ್ಷೆಯ ಗೆರೆಯೂ ಬದಲಾಗಲಿಲ್ಲ. ಆದರೆ 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಮೊದಲಾದವುಗಳ ಜೊತೆ ಮೋಟಾರುರಹಿತ ವಾಹನಗಳನ್ನೂ ನಿಷೇಧಿಸಲಾಯಿತು. ಸೈಕಲ್ ಸವಾರ ಸರ್ವಿಸ್ ರಸ್ತೆ ಹಿಡಿಯಬೇಕು. ಈ ಒಂದು ಸಂಗತಿಯನ್ನು ತಿಳಿಯಲು ಬೇಕಾದದ್ದು ಸಂಖ್ಯೆಯಲ್ಲ, ಫಲಕ: ಕೆಂಪು ಅಂಚಿನ ವೃತ್ತದೊಳಗೆ ಸೈಕಲ್ ಚಿತ್ರವಿದ್ದು ಓರೆಗೆರೆ ಎಳೆದಿದ್ದರೆ ಸೈಕಲ್ ನಿಷೇಧ, ನೀಲಿ ವೃತ್ತದೊಳಗೆ ಬಿಳಿಯ ಸೈಕಲ್ ಇದ್ದರೆ ಅದು ಸೈಕಲ್ ಪಥ. ಭಾರತೀಯ ರಸ್ತೆ ಕಾಂಗ್ರೆಸ್ ಫಲಕಗಳಿಗೆ ಸಂಹಿತೆಯನ್ನು ರೂಪಿಸಿದೆ. ಸೈಕಲ್ ಪಥಗಳ ವಿನ್ಯಾಸಕ್ಕೆಂದೇ 1962ರಷ್ಟು ಹಿಂದೆಯೇ ಮಾರ್ಗಸೂಚಿ ಹೊರಡಿಸಿ, 2015ರಲ್ಲಿ ಪರಿಷ್ಕರಿಸಿದೆ. ಕಾಗದದ ಮೇಲೆ ನಮಗೆ ಯಾವುದಕ್ಕೂ ಬಡತನವಿಲ್ಲ.

ಬೆಳಗಾವಿ-ಖಾನಾಪುರ ಮಾರ್ಗ ಚತುಷ್ಪಥವಾದ ಮೇಲೆ ಪೀರನವಾಡಿ, ಮಚ್ಛೆ, ದೇಸೂರು ದಾಟಿ ಗಣೇಬೈಲಿನ ಟೋಲ್ ನಾಕಾ ಹಾದು ಹೋಗುವವರಿಗೆ ವೇಗ ದೊರಕಿದೆ. ಸೈಕಲ್‌ಗೆ ಟೋಲ್ ಇಲ್ಲ. ಅದೊಂದು ಸಮಾಧಾನ. ಆದರೆ ಊರೊಳಗಿನ ಹಳೆಯ ರಸ್ತೆ ಮತ್ತು ಹೊರಗಿನ ಹೊಸ ರಸ್ತೆ ನಕ್ಷೆಯಲ್ಲಿ ಪಕ್ಕಪಕ್ಕದಲ್ಲೇ ಕಾಣುವಾಗ ಸಂಖ್ಯೆಯಿರುವುದನ್ನೇ ಆರಿಸುವುದು ಕಾರಿನವನಿಗೆ ಸರಿ, ಸೈಕಲ್‌ನವನಿಗೆ ಹಾನಿ. ಹೆದ್ದಾರಿ ಸಂಖ್ಯೆ ಕಳೆದುಕೊಂಡ ಹಳೆಯ ತುಂಡುಗಳೇ ಸೈಕಲ್‌ಗೆ ಉಳಿದಿರುವ ನೆಮ್ಮದಿಯ ದಾರಿ. ನಕ್ಷೆಯಲ್ಲಿ ಇವು ತೆಳುಗೆರೆಗಳು, ಹೆಸರಿಲ್ಲದವು.

ಹಳ್ಳಿಯ ರಸ್ತೆಗಳಿಗೆ ಬೇರೆಯೇ ಲೆಕ್ಕ. ಯಳ್ಳೂರು, ಗರ್ಲಗುಂಜಿ ಕಡೆಯಿಂದ ಸುತ್ತಿ ಖಾನಾಪುರ ಸೇರುವವರಿಗೆ ದಾರಿಯುದ್ದಕ್ಕೂ ನೆರವಾಗುವುದು ಮೊಬೈಲ್‌ಗಿಂತ ಹೆಚ್ಚಾಗಿ ಕಿಲೋಮೀಟರ್ ಕಲ್ಲುಗಳು. ತಲೆಗೆ ಹಳದಿ ಬಳಿದಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಗ್ರಾಮೀಣ ರಸ್ತೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಫಲಕಗಳಲ್ಲಿ ಸಂಖ್ಯೆಯ ಹಿಂದೆ ಇಂಗ್ಲಿಷಿನ ಟಿ ಅಕ್ಷರವಿದ್ದರೆ ಅದು ಊರಿಂದೂರಿಗೆ ಹಾದುಹೋಗುವ ರಸ್ತೆ. ಎಲ್ ಇದ್ದರೆ ಒಂದು ಊರನ್ನು ದೊಡ್ಡ ರಸ್ತೆಗೆ ಜೋಡಿಸುವ ಕೂಡುರಸ್ತೆ, ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಸಂಜೆಗತ್ತಲಾಗುವ ಹೊತ್ತಿಗೆ ಎಲ್ ರಸ್ತೆ ಹಿಡಿದು ಹೊಲದಂಚಿನಲ್ಲಿ ನಿಂತವರಿಗೆ ಈ ಒಂದಕ್ಷರದ ಬೆಲೆ ಗೊತ್ತು. ಇಷ್ಟು ಉಪಯುಕ್ತವಾದ ಗುರುತು ಸಾಮಾನ್ಯ ಸೈಕಲ್ ನಕ್ಷೆಗಳಲ್ಲಿ ಕಾಣಸಿಗದಿರುವುದು ವಿಪರ್ಯಾಸ.

ತುಂಡುಗೆರೆಯ ಅರ್ಥ

ಬಣ್ಣಗಳ ವಿಷಯದಲ್ಲಿ ಒಂದು ನಕ್ಷೆಯ ಮಾತು ಇನ್ನೊಂದಕ್ಕೆ ಸಲ್ಲದು. 1767ರಲ್ಲಿ ಸ್ಥಾಪನೆಯಾದ ಭಾರತೀಯ ಸರ್ವೇಕ್ಷಣಾ ಇಲಾಖೆಯ ಭೂಲಕ್ಷಣ ನಕ್ಷೆಗಳಲ್ಲಿ ಕೆಂಪು ಎಂದರೆ ರಸ್ತೆ. ಜೋಡಿ ಕೆಂಪು ಗೆರೆಯಾದರೆ ಕಟ್ಟಿದ ರಸ್ತೆ, ತುಂಡು ಕೆಂಪಾದರೆ ಗಾಡಿದಾರಿ, ಚುಕ್ಕಿಗಳಾದರೆ ಕಾಲುದಾರಿ. ಓಪನ್‌ಸೈಕಲ್‌ಮ್ಯಾಪ್‌ನ ಕೆಂಪಿಗೆ ಬೇರೆ ಅರ್ಥವಿರುವುದನ್ನು ಮೇಲೆ ನೋಡಿಯಾಯಿತು. ಗೂಗಲ್ 2010ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಸೈಕಲ್ ಪದರದಲ್ಲಿ ಹಸಿರೇ ಎಲ್ಲ: ಗಾಢ ಹಸಿರು ಪ್ರತ್ಯೇಕ ಪಥ, ತಿಳಿ ಹಸಿರು ರಸ್ತೆಯಂಚಿನ ಪಟ್ಟಿ, ಚುಕ್ಕಿ ಹಸಿರು ಸೈಕಲ್‌ಗೆ ಅನುಕೂಲವಾದ ಸಾಮಾನ್ಯ ರಸ್ತೆ. ಆದರೆ ಸರ್ವೇಕ್ಷಣಾ ನಕ್ಷೆಯಲ್ಲಿ ಹಸಿರೆಂದರೆ ಕಾಡು! ಖಾನಾಪುರ ತಾಲ್ಲೂಕಿನ ಮಟ್ಟಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಇಲ್ಲಿ ಹಲವು ಸವಾರರು ಅವಲಂಬಿಸುವುದು ಗೂಗಲ್ 2017ರ ಡಿಸೆಂಬರ್‌ನಲ್ಲಿ ಭಾರತಕ್ಕೆಂದೇ ಮೊದಲು ಹೊರತಂದ ದ್ವಿಚಕ್ರ ವಾಹನದ ದಾರಿಸೂಚಿಯನ್ನು. ಅದು ಮೋಟಾರು ಬೈಕಿನ ಲೆಕ್ಕಾಚಾರ. ಏರಿಗೆ ಅದು ಅಂಜುವುದಿಲ್ಲ.

ಏರಿನ ಮಾತು ಬಂದದ್ದರಿಂದ ಇಲ್ಲೊಂದು ಎಚ್ಚರಿಕೆ. ರಸ್ತೆಯ ಮೇಲೆ ಬಾಣದ ಮೊನೆಯಂತಹ ಗುರುತು ಇರುವ ವಿದೇಶಿ ನಕ್ಷೆಗಳಲ್ಲಿ ಅದು ಕಡಿದಾದ ಏರಿಳಿತದ ಸೂಚನೆ. ಫ್ರಾನ್ಸಿನ ಮಿಶೆಲಿನ್ ನಕ್ಷೆಗಳಲ್ಲಿ ಒಂದು ಮೊನೆಯೆಂದರೆ ನೂರಕ್ಕೆ 5ರಿಂದ 9, ಎರಡಾದರೆ 9ರಿಂದ 13, ಮೂರಾದರೆ ಅದಕ್ಕೂ ಮೇಲು; ಮೊನೆ ಏರಿನ ಕಡೆಗೆ ತಿರುಗಿರುತ್ತದೆ. ಬ್ರಿಟನ್ನಿನ ಎಎ ರಸ್ತೆ ನಕ್ಷೆಪುಸ್ತಕದಲ್ಲಿ ಅದೇ ಮೊನೆ ಇಳಿಜಾರಿನ ಕಡೆಗೆ. ಮೂಲೆಯಲ್ಲಿನ ಚಿಹ್ನೆಗಳ ವಿವರಣೆಯನ್ನು ಓದದೆ ನಕ್ಷೆ ಬಿಡಿಸಿದವನು ಏರನ್ನು ಇಳಿಜಾರೆಂದು ಭಾವಿಸಿಯಾನು. ನಮ್ಮ ಸರ್ವೇಕ್ಷಣಾ ನಕ್ಷೆಗಳಲ್ಲಿ ಈ ಕೆಲಸವನ್ನು ಕಂದು ಬಣ್ಣದ ಸಮೋನ್ನತಿ ರೇಖೆಗಳು ಮಾಡುತ್ತವೆ. ಐವತ್ತು ಸಾವಿರಕ್ಕೆ ಒಂದರ ಪ್ರಮಾಣದ ಹಾಳೆಯಲ್ಲಿ ಒಂದು ರೇಖೆಯಿಂದ ಮತ್ತೊಂದಕ್ಕೆ ಸಾಮಾನ್ಯವಾಗಿ 20 ಮೀಟರ್ ಎತ್ತರದ ಅಂತರ. ರೇಖೆಗಳು ಒತ್ತೊತ್ತಾಗಿದ್ದರೆ ಕಡಿದು, ಬಿಡಿಯಾಗಿದ್ದರೆ ಸಪಾಟು. ಜಾಂಬೋಟಿ ಮಾರ್ಗವನ್ನು ಇದರಲ್ಲಿ ಓದಿದರೆ ಒಂದು ಸತ್ಯ ಹೊಳೆಯುತ್ತದೆ: ಬೆಳಗಾವಿಗೂ ಚೋರ್ಲಾ ಘಟ್ಟದ ನೆತ್ತಿಗೂ ಸಮುದ್ರಮಟ್ಟದಿಂದ ಎತ್ತರದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ, ಆದರೆ ನಡುವೆ ರಸ್ತೆ ಇಳಿದು ಏರಿ, ಇಳಿದು ಏರಿ ಸಾಗುತ್ತದೆ. ಎರಡು ತುದಿಗಳ ಎತ್ತರವನ್ನಷ್ಟೇ ನೋಡಿ ಸಮತಟ್ಟೆಂದು ಹೊರಟವರ ಮೊಣಕಾಲುಗಳು ಸಂಜೆ ಬೇರೆ ಕಥೆ ಹೇಳುತ್ತವೆ.

ಇದು ದಣಿವಿನ ಮಾತಾಯಿತು. ತುಂಡುಗೆರೆಗಳದು ಕಾನೂನಿನ ಮಾತು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸಾಮಾನ್ಯ ನಕ್ಷೆಯಲ್ಲಿ ಕಂದು ತುಂಡುಗೆರೆಯೆಂದರೆ ಹೊಲ ಅಥವಾ ಕಾಡಿನ ಗಾಡಿದಾರಿ, ನೀಲಿ ತುಂಡುಗೆರೆಯೆಂದರೆ ಸೈಕಲ್ ಪಥ. ಗಾಡಿದಾರಿಯ ಗೆರೆ ನೆಲದ ಸ್ವರೂಪವನ್ನು ಹೇಳುತ್ತದೆ. ಹೋಗಲು ಅನುಮತಿಯಿದೆಯೆಂದು ಹೇಳುವುದಿಲ್ಲ. ಅದಕ್ಕೆ ಬೇರೆ ಗುರುತು ಹಚ್ಚಬೇಕು, ಅದನ್ನು ಯಾರಾದರೂ ಸ್ವಯಂಸೇವಕರು ಅಲ್ಲಿಗೆ ಹೋಗಿ ನೋಡಿ ಹಚ್ಚಬೇಕು. ಹಚ್ಚದಿದ್ದರೆ ಗೆರೆ ಮುಕ್ತವಾಗಿಯೇ ಕಾಣುತ್ತದೆ.

ಖಾನಾಪುರದ ನೈರುತ್ಯಕ್ಕೆ ಹರಡಿರುವ ಭೀಮಗಡ ಅರಣ್ಯವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಅದರ ವಿಸ್ತೀರ್ಣ ಸುಮಾರು 190 ಚದರ ಕಿಲೋಮೀಟರ್. ಮಹಾದಾಯಿ ಹುಟ್ಟುವುದು ಇದೇ ಕಾಡಿನಲ್ಲಿ. ಅಪರೂಪದ ರಾಟನ್ ಬಾವಲಿಗಳಿಗೆ ಹೆಸರಾದ ಬಾರಾಪೇಡೆ ಗುಹೆಗಳೂ ಇಲ್ಲಿಯೇ ಇವೆ. ಗವಾಳಿ, ತಳೇವಾಡಿಯಂತಹ ಊರುಗಳು ಕಾಡಿನ ನಡುವೆ ಇರುವುದರಿಂದ ನಕ್ಷೆಯಲ್ಲಿ ಅವುಗಳತ್ತ ಗೆರೆಗಳಿವೆ. ಆ ಗೆರೆಗಳನ್ನು ಹಿಡಿದು ಯಾರು ಹೋಗಬಹುದು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮಿನ ಪ್ರಕಾರ ಕರ್ತವ್ಯನಿರತ ಸರ್ಕಾರಿ ನೌಕರರು, ಅಲ್ಲಿ ವಾಸಿಸಲು ಅನುಮತಿಯುಳ್ಳವರು, ಸ್ಥಿರಾಸ್ತಿಯ ಹಕ್ಕುಳ್ಳವರು, ಇವರ ಅವಲಂಬಿತರು, ಹಾಗೂ ಸಾರ್ವಜನಿಕ ಹೆದ್ದಾರಿಯ ಮೂಲಕ ಹಾದುಹೋಗುವವರು. ಉಳಿದವರಿಗೆ ಪರವಾನಗಿ ಬೇಕು.

ಸೈಕಲ್ ಸವಾರನ ಪಾಲಿಗೆ ಇಡೀ ಕಾನೂನು ಕೊನೆಯ ಆ ಒಂದು ವಿನಾಯಿತಿಯ ಮೇಲೆ ನಿಂತಿದೆ. ಖಾನಾಪುರದಿಂದ ಹೆಮ್ಮಡಗಾ ಮೂಲಕ ಅನಮೋಡದತ್ತ ಹೋಗುವ ರಾಜ್ಯ ಹೆದ್ದಾರಿ ಸಾರ್ವಜನಿಕ ರಸ್ತೆ. ಅದರಿಂದ ಎಡಕ್ಕೋ ಬಲಕ್ಕೋ ಒಡೆಯುವ ಕಂದು ತುಂಡುಗೆರೆ ಬಹುತೇಕ ಅಲ್ಲ. ಮೊಬೈಲ್ ಪರದೆಯ ಮೇಲೆ ಇವೆರಡರ ನಡುವಿನ ಅಂತರ ಒಂದು ಕೂದಲೆಳೆಯಷ್ಟು. ಕಾನೂನಿನಲ್ಲಿ ಅದು ಪ್ರಯಾಣಕ್ಕೂ ಅಪರಾಧಕ್ಕೂ ನಡುವಿನ ಅಂತರ. ಸರ್ವೇಕ್ಷಣಾ ನಕ್ಷೆಯ ಮೇಲೆ ಆರ್‌ಎಫ್ ಎಂದಿದ್ದರೆ ಮೀಸಲು ಅರಣ್ಯ, ಪಿಎಫ್ ಎಂದಿದ್ದರೆ ರಕ್ಷಿತ ಅರಣ್ಯ. ಹಳೆಯ ಹಾಳೆಗಳಲ್ಲಿ ವನ್ಯಜೀವಿಧಾಮದ ಗಡಿ ಇರುವುದೇ ಇಲ್ಲ, ಏಕೆಂದರೆ ಅವು ಅಚ್ಚಾದಾಗ ಧಾಮವೇ ಇರಲಿಲ್ಲ. ಕರಡಿ ಓಡಾಡುವ ಕಾಡಿನಲ್ಲಿ ಸದ್ದಿಲ್ಲದೆ ಬರುವ ಸೈಕಲ್ ತಂದೊಡ್ಡುವ ಅಪಾಯದ ಮಾತು ಬೇರೆಯೇ ಇದೆ.

ಮಳೆಗಾಲದಲ್ಲಿ ಇನ್ನೊಂದು ಸಂಕಷ್ಟ. ಹೆಮ್ಮಡಗಾ ರಸ್ತೆಯಲ್ಲಿ ಮಣತುರ್ಗಾ ಬಳಿಯ ಹಾಲತ್ರಿ ಹಳ್ಳ ಉಕ್ಕಿದರೆ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. ನಕ್ಷೆಯಲ್ಲಿ ಅಲ್ಲಿ ನೀಲಿ ಗೆರೆಯೊಂದು ರಸ್ತೆಯನ್ನು ದಾಟುತ್ತದೆ, ಜನವರಿಯಲ್ಲೂ ಜುಲೈನಲ್ಲೂ ಒಂದೇ ತೆರನಾಗಿ.

ಹೆಸರಿನ ತೊಡಕು

ಚಿಹ್ನೆಗಳ ಜೊತೆಗೆ ಹೆಸರುಗಳನ್ನೂ ಓದಬೇಕು. 2014ರ ನವೆಂಬರ್ 1ರಂದು ನಗರದ ಹೆಸರು ಅಧಿಕೃತವಾಗಿ ಬೆಳಗಾವಿ ಎಂದಾದರೂ ಹಳೆಯ ನಕ್ಷೆ, ಹಳೆಯ ದಾರಿಕಡತಗಳಲ್ಲಿ ಬೆಳಗಾಂ ಉಳಿದಿದೆ. ರೈಲು ನಿಲ್ದಾಣದ ಸಂಕೇತಾಕ್ಷರದಲ್ಲಿ ಅದರ ನೆರಳಿದೆ. ಕಣಕುಂಬಿ, ಹೆಮ್ಮಡಗಾ, ಅಸೋಗಾ ಮೊದಲಾದ ಊರುಗಳ ಇಂಗ್ಲಿಷ್ ಕಾಗುಣಿತ ನಕ್ಷೆಯಿಂದ ನಕ್ಷೆಗೆ ಬೇರೆ. ಕನ್ನಡದ ಉಚ್ಚಾರ ಒಂದು, ಮರಾಠಿಯದು ಇನ್ನೊಂದು. ಹುಡುಕುವ ಪೆಟ್ಟಿಗೆಯಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೆ ಊರೇ ಸಿಗದು. ಗಡಿಭಾಗದಲ್ಲಿ ಹೆಸರೆಂಬುದು ಎಂದೂ ಬರಿಯ ಹೆಸರಲ್ಲ. ಯಳ್ಳೂರಿನ ಹೊರಗಿದ್ದ ಒಂದು ನಾಮಫಲಕವನ್ನು ನ್ಯಾಯಾಲಯದ ಆದೇಶದಂತೆ 2014ರ ಜುಲೈನಲ್ಲಿ ತೆರವುಗೊಳಿಸಿದಾಗ ಉಂಟಾದ ಪ್ರಕ್ಷುಬ್ಧ ಸ್ಥಿತಿಯನ್ನು ಈ ಭಾಗದವರು ಮರೆತಿಲ್ಲ. ರಾಜಹಂಸಗಡಕ್ಕೆ ಹೊರಡುವ ಸವಾರನಿಗೆ ಆ ರಾಜಕೀಯ ಬೇಡ; ಆದರೆ ಮುಕ್ತ ನಕ್ಷೆಯಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಹೆಸರುಗಳನ್ನು ಬೇರೆ ಬೇರೆಯಾಗಿ ದಾಖಲಿಸುವ ಸೌಲಭ್ಯವಿದೆಯೆಂಬುದು ತಿಳಿದಿರಬೇಕು. ಕನ್ನಡದ ಹೆಸರು ಕಾಣದಿದ್ದರೆ ಬಹುಮಟ್ಟಿಗೆ ಕಾರಣ ಯಾರೂ ಸೇರಿಸಿಲ್ಲವೆಂಬುದೇ.

ಊರಿನವರು ಬಳಸುವ ಗುರುತುಗಳೂ ಇವೆ. ಟಿಳಕವಾಡಿಯಲ್ಲಿ ದಾರಿ ಕೇಳಿದರೆ ಮೊದಲನೇ ಗೇಟು, ಎರಡನೇ ಗೇಟು, ಮೂರನೇ ಗೇಟು ಎಂದು ರೈಲ್ವೆ ಗೇಟುಗಳ ಲೆಕ್ಕದಲ್ಲೇ ಉತ್ತರ. ಮೂರನೇ ಗೇಟಿನ ಮೇಲೆ ಈಗ ಮೇಲ್ಸೇತುವೆ ನಿಂತಿದೆ, ಹೆಸರು ಹಾಗೆಯೇ ಉಳಿದಿದೆ. ಕಾಂಗ್ರೆಸ್ ರಸ್ತೆ ಎಂಬ ಹೆಸರಿನ ಹಿಂದೆ 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಅಧಿವೇಶನವಿದೆ. ನಕ್ಷೆಯ ಚಿಹ್ನೆಗಿಂತ ಇಂತಹ ಹೆಸರುಗಳು ಗಟ್ಟಿ.

ಕ್ಯಾಂಪಿನ ಗೆರೆಗಳು ಯಾರವು?

ಇಷ್ಟಾದ ಮೇಲೆ ಹೊರಟ ಜಾಗಕ್ಕೇ ಮರಳಬೇಕು. ನಗರದ ಸವಾರರಿಗೆ ಕ್ಯಾಂಪ್ ಅಚ್ಚುಮೆಚ್ಚು. ಹಳೆಯ ಮರಗಳ ನೆರಳು, ಅಗಲವಾದ ರಸ್ತೆ, ಕಡಿಮೆ ವಾಹನ. 1832ರಲ್ಲಿ ಸ್ಥಾಪನೆಯಾದ ಈ ದಂಡುಪ್ರದೇಶದಲ್ಲಿ ಅಂಗಡಿ, ಶಾಲೆ, ಚರ್ಚು, ಮನೆಗಳಿರುವ ನಾಗರಿಕ ಭಾಗವೂ ಇದೆ, ಸೇನೆಯ ಸ್ವಾಧೀನದ ಭಾಗವೂ ಇದೆ. ಬೆಳಗಾವಿ ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರದ ನೆಲೆ. ಕಮಾಂಡೊ ತರಬೇತಿಯೂ ಇಲ್ಲಿಯೇ. ಎರಡು ಭಾಗಗಳ ನಡುವೆ ಎಲ್ಲೆಡೆ ಗೋಡೆಯಿಲ್ಲ. ಒಂದೇ ರಸ್ತೆ ಮೊದಲರ್ಧ ಎಲ್ಲರದ್ದು, ಉಳಿದರ್ಧ ಕಾವಲುಗಾರನದ್ದು ಆಗಿರುವುದುಂಟು. ಮುಕ್ತ ನಕ್ಷೆಯಲ್ಲಿ ಸೇನಾ ಪ್ರದೇಶಕ್ಕೆ ತಿಳಿಗೆಂಪಿನ ಓರೆಗೆರೆಗಳಿವೆ, ನಿರ್ಬಂಧಿತ ರಸ್ತೆಗೆ ಮಸುಕಾದ ತುಂಡು ಗುರುತಿದೆ. ಇವೆರಡನ್ನು ಗುರುತಿಸಬಲ್ಲವರಿಗೆ ಅರ್ಧ ತೊಂದರೆ ತಪ್ಪುತ್ತದೆ.

ಉಳಿದರ್ಧ ತಪ್ಪದಿರಲು ಕಾರಣ, ಅನುಮತಿಯೆಂಬುದು ಬದಲಾಗುತ್ತಿರುತ್ತದೆ. ದಂಡುಪ್ರದೇಶಗಳಲ್ಲಿ ರಸ್ತೆ ಮುಚ್ಚುವ, ತೆರೆಯುವ ಕ್ರಮವನ್ನು 2006ರ ಕಂಟೋನ್ಮೆಂಟ್ ಕಾಯ್ದೆಯ 258ನೇ ಕಲಂ ವಿಧಿಸುತ್ತದೆ. ಆ ಕ್ರಮವನ್ನು ಪಾಲಿಸದೆ ದೇಶದ ಹಲವೆಡೆ ರಸ್ತೆಗಳನ್ನು ಮುಚ್ಚಲಾಗಿದೆಯೆಂಬ ದೂರುಗಳು ಹೆಚ್ಚಿದಾಗ, ಅಂದು 62 ದಂಡುಪ್ರದೇಶಗಳ ಹೊಣೆ ಹೊತ್ತಿದ್ದ ರಕ್ಷಣಾ ಸಚಿವಾಲಯ 2018ರ ಮೇ ತಿಂಗಳಲ್ಲಿ ಅಂತಹ ರಸ್ತೆಗಳನ್ನು ತೆರೆಯುವಂತೆ ಆದೇಶಿಸಿತು. ಭದ್ರತೆಯ ದೃಷ್ಟಿಯಿಂದ ಅದಕ್ಕೆ ಆಕ್ಷೇಪಗಳೂ ಬಂದವು.

ಅದೇ ವರ್ಷದ ಜನವರಿಯಲ್ಲಿ ಸೈಕಲ್ ನಕ್ಷೆಗೂ ಸೇನೆಗೂ ಇರುವ ನಂಟು ಇನ್ನೊಂದು ಬಗೆಯಲ್ಲಿ ಜಗಜ್ಜಾಹೀರಾಗಿತ್ತು. ಸವಾರರು, ಓಟಗಾರರು ತಮ್ಮ ಪಯಣ ದಾಖಲಿಸುವ ಸ್ಟ್ರಾವಾ ಎಂಬ ಆ್ಯಪ್ 2017ರ ನವೆಂಬರ್‌ನಲ್ಲಿ ಎಲ್ಲರ ದಾರಿಗಳನ್ನೂ ಒಟ್ಟುಗೂಡಿಸಿ ಹೊಳೆಯುವ ಗೆರೆಗಳ ಜಾಗತಿಕ ನಕ್ಷೆ ಪ್ರಕಟಿಸಿತು. ಹೆಚ್ಚು ಬೆಳಗಿದ ಗೆರೆಯೆಂದರೆ ಹೆಚ್ಚು ಜನ ಹೋದ ದಾರಿ, ಅಷ್ಟೇ ಅದರ ಅರ್ಥ. ಆದರೆ ಸಿರಿಯಾ, ಅಫ್ಘಾನಿಸ್ತಾನಗಳ ನಿರ್ಜನ ಪ್ರದೇಶಗಳಲ್ಲಿ ಬೆಳಗಿದ ಗೆರೆಗಳು ಸೈನಿಕ ನೆಲೆಗಳ ಆಕಾರವನ್ನೇ ತೋರಿಸಿಕೊಡುತ್ತಿರುವುದನ್ನು ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬ ಗುರುತಿಸಿದ. ಹಲವರು ಓಡಾಡಿದ ಗೆರೆಯೆಂದ ಮಾತ್ರಕ್ಕೆ ಅದು ಎಲ್ಲರ ದಾರಿಯಲ್ಲ. ಅಲ್ಲಿ ಓಡಾಡಿದವರು ಸೈನಿಕರೇ ಆಗಿರಬಹುದು. ದಂಡುಪ್ರದೇಶದ ಊರುಗಳ ಸವಾರರು ಈ ಬಗೆಯ ನಕ್ಷೆಯನ್ನು ದಾರಿ ಹುಡುಕಲು ಬಳಸುವಾಗ ನೆನಪಿಡಬೇಕಾದ ಸಂಗತಿಯಿದು. ಸೇನಾ ನೆಲೆಯ ಒಳದಾರಿಗಳನ್ನು ಉತ್ಸಾಹದಿಂದ ನಕ್ಷೆಗೆ ಸೇರಿಸಲು ಹೊರಡುವವರು 1923ರ ಅಧಿಕೃತ ರಹಸ್ಯಗಳ ಕಾಯ್ದೆಯನ್ನೂ ಒಮ್ಮೆ ನೋಡುವುದು ಒಳಿತು. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ಮೇಲಿದ್ದ ಪೂರ್ವಾನುಮತಿಯ ಕಟ್ಟುಪಾಡುಗಳನ್ನು ಸಡಿಲಿಸಿತಾದರೂ ಸೂಕ್ಷ್ಮ ಸ್ಥಳಗಳ ವಿಷಯದಲ್ಲಿ ನಿರ್ಬಂಧ ಉಳಿಸಿಕೊಂಡಿದೆ.

ಹಾಗಾದರೆ ಯಾವ ರಸ್ತೆ ಮುಕ್ತ, ಯಾವುದು ಅಲ್ಲ ಎಂಬುದನ್ನು ಹೇಳಬೇಕಾದವರು ಯಾರು? ಸ್ವಯಂಸೇವಕರಂತೂ ಅಲ್ಲ. ಅವರಿಗೆ ಅಧಿಕಾರವಿಲ್ಲ. ಬೆಳಗಾವಿ 2016ರ ಜನವರಿಯಲ್ಲಿ ಪ್ರಕಟವಾದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲೇ ಇತ್ತು. ಆ ಅಭಿಯಾನ 2025ರ ಮಾರ್ಚ್‌ಗೆ ಕೊನೆಗೊಂಡಿತು. ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ 2021ರಲ್ಲಿ ನಡೆಯುವವರ ಹಾಗೂ ಸೈಕಲ್ ತುಳಿಯುವವರ ಹಕ್ಕುಗಳಿಗೆಂದೇ ಒಂದು ಮಸೂದೆಯ ಕರಡು ರೂಪಿಸಿತು. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಯೋಜನೆ ಬಂದಾಗ ನಿಲ್ದಾಣಗಳ ನಕ್ಷೆ ಸಿದ್ಧವಾಯಿತು. ನಿಲ್ದಾಣದಿಂದ ನಿಲ್ದಾಣಕ್ಕೆ ಯಾವ ದಾರಿ ಎಂಬುದು ಸವಾರರ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. ನಮ್ಮಲ್ಲಿ ಸೈಕಲ್ ಕೊಡುವವರಿದ್ದಾರೆ, ಪಥ ಕಟ್ಟುವವರೂ ಇದ್ದಾರೆ. ಇದು ಸೈಕಲ್‌ನ ದಾರಿ ಎಂದು ಸಂಖ್ಯೆ ಕೊಟ್ಟು ಫಲಕ ನೆಡುವ ಹೊಣೆ ಮಾತ್ರ ಯಾರದ್ದೂ ಅಲ್ಲ. ಅದಾಗದ ಹೊರತು ನಕ್ಷೆಯ ಕೆಂಪು, ನೇರಳೆ, ನೀಲಿಗಳು ಇಲ್ಲಿ ಖಾಲಿಯಾಗಿಯೇ ಇರುತ್ತವೆ; ದೂರದ ದೇಶದ ತಂತ್ರಾಂಶ ಹೆದ್ದಾರಿಯತ್ತಲೇ ಬೆರಳು ತೋರುತ್ತಿರುತ್ತದೆ.

ಬೆಳಗಾವಿಗೆ ಈಗೊಂದು ಸಂದರ್ಭ ಒದಗಿದೆ. ದಂಡುಪ್ರದೇಶಗಳ ನಾಗರಿಕ ಭಾಗಗಳನ್ನು ನೆರೆಯ ಸ್ಥಳೀಯ ಸಂಸ್ಥೆಗಳಿಗೆ ಸೇರಿಸುವ ನಿರ್ಧಾರವನ್ನು ಕೇಂದ್ರ ಸರ್ಕಾರ ಕೈಗೊಂಡು, 2023ರ ಏಪ್ರಿಲ್‌ನಲ್ಲಿ ಹಿಮಾಚಲ ಪ್ರದೇಶದ ಯೋಳ್‌ನಿಂದ ಅದನ್ನು ಆರಂಭಿಸಿತು. ಬೆಳಗಾವಿ ಕ್ಯಾಂಪಿನ ನಾಗರಿಕ ಭಾಗವನ್ನು ಮಹಾನಗರ ಪಾಲಿಕೆಗೆ ಸೇರಿಸುವ ಕುರಿತೂ ಆ ಬಳಿಕ ಪ್ರಕ್ರಿಯೆ ನಡೆದಿದೆ. ಹಸ್ತಾಂತರವೆಂದ ಮೇಲೆ ಆಸ್ತಿಗಳ ಪಟ್ಟಿ ಆಗಲೇಬೇಕು, ಅದರಲ್ಲಿ ರಸ್ತೆಗಳೂ ಇರಲೇಬೇಕು: ಯಾವ ರಸ್ತೆ ಎಲ್ಲಿಂದ ಎಲ್ಲಿಯವರೆಗೆ ಪಾಲಿಕೆಯದು, ಎಲ್ಲಿಂದಾಚೆ ಸೇನೆಯದು, ಯಾವುದು ಹಗಲು ಮಾತ್ರ ತೆರೆದಿರುತ್ತದೆ. ತೆರಿಗೆ, ನೀರು, ಬಾಡಿಗೆಗಳ ಚರ್ಚೆಯಲ್ಲಿ ಆ ಪಟ್ಟಿ ಕಡತದೊಳಗೇ ಉಳಿದರೆ ಅಚ್ಚರಿಯಿಲ್ಲ. ಅದನ್ನು ಪ್ರಕಟಿಸಿ, ಮೂರು ಭಾಷೆಗಳಲ್ಲಿ ಹೆಸರು ಬರೆದು, ಸೇನಾ ಭಾಗ ಆರಂಭವಾಗುವ ಪ್ರತಿ ತಿರುವಿನಲ್ಲೂ ನೂರು ಮೀಟರ್ ಮುಂಚಿತವಾಗಿ ಒಂದು ಫಲಕ ನೆಡಲು ತಗಲುವ ವೆಚ್ಚ, ಒಂದು ಕಿಲೋಮೀಟರ್ ಡಾಂಬರಿನ ಮುಂದೆ ನಗಣ್ಯ. ನಕ್ಷೆಯ ಸ್ವಯಂಸೇವಕರು ಉಳಿದ ಕೆಲಸವನ್ನು ಒಂದು ಭಾನುವಾರದಲ್ಲಿ ಮುಗಿಸಿಯಾರು.